ಗುಂಡು ಎಲ್ಲಿ ಬಿತ್ತು? ಟೇಬಲ್‌ಟಾಪ್ ಆಟಕ್ಕೆ ಒಂದು ಬಂದೂಕಿನ ಲೆಕ್ಕ

ಹೆಚ್ಚಿನ ಟೇಬಲ್‌ಟಾಪ್ ಆರ್‌ಪಿಜಿಗಳಲ್ಲಿ (ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸಿ ಆಡುವ ಆಟಗಳಲ್ಲಿ) ಬಂದೂಕಿಗೆ ಎರಡು ಎಸೆತ ಇರುತ್ತವೆ. ಮೊದಲ ಎಸೆತದಲ್ಲಿ ಗುಂಡು ತಗುಲಿತೋ ಇಲ್ಲವೋ ಎಂದು ನೋಡುತ್ತಾರೆ. ತಗುಲಿದರೆ ಇನ್ನೊಂದು ದಾಳ ಉರುಳಿಸಿ ತಲೆಯೋ, ಕಾಲೋ, ಎದೆಯೋ ಎಂದು ಲೊಕೇಶನ್ ಟೇಬಲ್ (ಗುಂಡು ತಗುಲಿದ ಜಾಗದ ಪಟ್ಟಿ) ನೋಡುತ್ತಾರೆ. ಎರಡಕ್ಕೂ ಸಂಬಂಧವೇ ಇಲ್ಲ. ಎರಡು ಮೀಟರ್ ದೂರದಲ್ಲಿ ನಿಂತು ಎದೆಗೆ ಗುರಿಯಿಟ್ಟವನ ಗುಂಡು ಪಾದಕ್ಕೆ ಬೀಳುತ್ತದೆ. ಇನ್ನೂರು ಮೀಟರ್ ಆಚೆ ಕತ್ತಲಲ್ಲಿ ಸುಮ್ನೆ ಹೊಡೆದದ್ದು ನೇರ ಹೃದಯಕ್ಕೆ ಹೋಗುತ್ತದೆ. ಲಾಟರಿ ಥರ.

ನಿಜದಲ್ಲಿ ಇವೆರಡೂ ಒಂದೇ ಪ್ರಶ್ನೆ. ಗುರಿಯಿಟ್ಟ ಜಾಗದಿಂದ ಗುಂಡು ಎಷ್ಟು ಸರಿಯಿತು? ಸ್ವಲ್ಪ ಸರಿದರೆ ಎದೆ. ಇನ್ನಷ್ಟು ಸರಿದರೆ ತೋಳು. ಇನ್ನೂ ಸರಿದರೆ ಗಾಳಿ. ಈ ಒಂದು ಅಳತೆಯಿಂದಲೇ ಎರಡೂ ಉತ್ತರ ತೆಗೆಯುವ ನಿಯಮವನ್ನು ಇಲ್ಲಿ ಹಂತ ಹಂತವಾಗಿ ಕಟ್ಟೋಣ. ಬೇಕಾಗಿರುವುದು ಆರು ಮುಖದ ಮೂರು ದಾಳ, ಒಂದು ಚೀಟಿ, ಅಷ್ಟೇ.

ಮೊದಲು ಚದುರುವಿಕೆಗೆ ಒಂದು ಅಳತೆ

ಒಬ್ಬನೇ ವ್ಯಕ್ತಿ ಒಂದೇ ಬಂದೂಕಿನಿಂದ ಒಂದೇ ಗುರಿಗೆ ಹತ್ತು ಗುಂಡು ಹೊಡೆದರೆ ಎಲ್ಲವೂ ಒಂದೇ ತೂತಿನಲ್ಲಿ ಹೋಗುವುದಿಲ್ಲ. ಸುತ್ತಲೂ ಚದುರುತ್ತವೆ. ನಡುವೆ ಒತ್ತಾಗಿ, ಅಂಚಿನಲ್ಲಿ ತೆಳ್ಳಗೆ. ಈ ಚದುರುವಿಕೆಯನ್ನು ಕೋನದಲ್ಲಿ ಅಳೆಯುತ್ತಾರೆ, ಯಾಕೆಂದರೆ ದೂರ ಎರಡರಷ್ಟಾದರೆ ಚದುರುವಿಕೆಯೂ ಎರಡರಷ್ಟಾಗುತ್ತದೆ. ಮಿಲಿರೇಡಿಯನ್ ಎಂಬ ಅಳತೆ ಲೆಕ್ಕಕ್ಕೆ ಸಲೀಸು. 1 ಮಿಲಿರೇಡಿಯನ್ ಅಂದರೆ 10 ಮೀಟರ್‌ನಲ್ಲಿ 1 ಸೆಂಟಿಮೀಟರ್, 100 ಮೀಟರ್‌ನಲ್ಲಿ 10 ಸೆಂಟಿಮೀಟರ್. ಬಂದೂಕು ಪತ್ರಿಕೆಗಳಲ್ಲಿ ಕಾಣುವ ‘ಮಿನಿಟ್ ಆಫ್ ಆಂಗಲ್’ ಒಂದು ಡಿಗ್ರಿಯ 60ನೇ ಒಂದು ಭಾಗ. 100 ಮೀಟರ್‌ನಲ್ಲಿ ಅದು ಸುಮಾರು 2.9 ಸೆಂಟಿಮೀಟರ್.

ಆಟದ ಮೇಜಿನ ಮೇಲೆ ಯಾರೂ ಕೋನ ಹಿಡಿದು ಕೂರುವುದಿಲ್ಲ. ಹಾಗಾಗಿ ಅದನ್ನು ದೂರಕ್ಕೆ ತಿರುಗಿಸಿಕೊಳ್ಳೋಣ. ದೊಡ್ಡವರ ಮುಂಡವನ್ನು 20 ಸೆಂಟಿಮೀಟರ್ ತ್ರಿಜ್ಯದ ಒಂದು ವೃತ್ತ ಎಂದುಕೊಳ್ಳಿ. ಹತ್ತರಲ್ಲಿ ನಾಲ್ಕು ಗುಂಡು (ಸರಿಯಾಗಿ ಹೇಳಬೇಕೆಂದರೆ ಶೇ. 39) ಆ ವೃತ್ತದೊಳಗೆ ಬೀಳುವ ದೂರಕ್ಕೆ ‘ಮೂಲ ದೂರ’ ಎಂದು ಹೆಸರಿಡೋಣ. ಚದುರುವಿಕೆ 10 ಮಿಲಿರೇಡಿಯನ್ ಇದ್ದರೆ ಮೂಲ ದೂರ 20 ಮೀಟರ್. 5 ಇದ್ದರೆ 40 ಮೀಟರ್. ಆಟದಲ್ಲಿ ಇನ್ನು ಮುಂದೆ ಈ ಒಂದೇ ಸಂಖ್ಯೆ ಸಾಕು.

ಶೇ. 39 ಯಾಕೆ, ಸಲೀಸಾಗಿ 50 ಇಟ್ಟುಕೊಳ್ಳಬಾರದೇ ಎಂದು ಕೇಳಬಹುದು. ಗುಂಡು ಅಡ್ಡಕ್ಕೂ ಉದ್ದಕ್ಕೂ ಒಂದೇ ರೀತಿ ಚದುರಿದರೆ ಗುರಿಯಿಂದ ಅದರ ದೂರ ರೇಲೀ ಡಿಸ್ಟ್ರಿಬ್ಯೂಷನ್ ಎಂಬ ಸಂಖ್ಯಾಶಾಸ್ತ್ರದ ಹಂಚಿಕೆಯನ್ನು ಅನುಸರಿಸುತ್ತದೆ. ಅದರಲ್ಲಿ ಒಂದು ಸ್ಟ್ಯಾಂಡರ್ಡ್ ಡೀವಿಯೇಷನ್‌ನ (ಇಲ್ಲಿ ನಾವು ಚದುರುವಿಕೆ ಎಂದು ಅಳೆಯುವುದು ಇದನ್ನೇ) ತ್ರಿಜ್ಯದೊಳಗೆ ಬೀಳುವುದು ಶೇ. 39. ಮೂರು ದಾಳದಲ್ಲಿ 9 ಅಥವಾ ಅದಕ್ಕಿಂತ ಕಮ್ಮಿ ಬೀಳುವ ಸಾಧ್ಯತೆ ಶೇ. 37.5. ಎರಡೂ ಹತ್ತಿರ ಹತ್ತಿರ. ನಮಗೆ ಅನುಕೂಲ.

ಮೆಟ್ಟಿಲು

ದೂರ ಜಾಸ್ತಿಯಾದಂತೆ ತಗುಲುವ ಸಾಧ್ಯತೆ ಒಂದೇ ಸಮನೆ ಇಳಿಯುವುದಿಲ್ಲ. ‘ಪ್ರತಿ 10 ಮೀಟರ್‌ಗೆ ಒಂದು ಅಂಕ ಕಳೆಯಿರಿ’ ಎನ್ನುವ ನಿಯಮಗಳು ಎಡವುವುದು ಇಲ್ಲೇ. ತೀರಾ ಹತ್ತಿರದಲ್ಲಿ ದೂರ ಎರಡರಷ್ಟಾದರೂ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ದೂರದಲ್ಲಿ ಮಾತ್ರ ಲೆಕ್ಕ ಕಠಿಣ: ದೂರ ಎರಡರಷ್ಟಾದರೆ ಸಾಧ್ಯತೆ ಕಾಲು ಭಾಗಕ್ಕೆ ಇಳಿಯುತ್ತದೆ. ಅದೇ ಗುಂಡುಗಳು ನಾಲ್ಕರಷ್ಟು ಜಾಗದಲ್ಲಿ ಹರಡಿಕೊಳ್ಳುತ್ತವೆ, ಅಲ್ವಾ?

ಮೂರು ದಾಳಗಳ ಮೊತ್ತ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ದೂರವನ್ನು ಪ್ರತಿ ಸಲ ಸುಮಾರು 1.4ರಿಂದ ಗುಣಿಸುತ್ತಾ ಹೋಗಿ. ಅಂದರೆ ಎರಡು ಮೆಟ್ಟಿಲಿಗೆ ದೂರ ಎರಡರಷ್ಟು.

ದೂರದ ಮೆಟ್ಟಿಲು (ಮೀಟರ್): 1.8, 2.5, 3.5, 5, 7, 10, 14, 20, 28, 40, 56, 80, 110, 160, 220, 320, 450.

ದಾಳದ ಮೆಟ್ಟಿಲು: 3, 4, 5, 6, 8, 9, 11, 13, 16, 17.

ಗುರಿ ನಿಮ್ಮ ಮೂಲ ದೂರದಲ್ಲೇ ಇದ್ದರೆ 9 ಅಥವಾ ಕಮ್ಮಿ ಬೀಳಬೇಕು. ಗುರಿ ಒಂದು ಮೆಟ್ಟಿಲು ಹತ್ತಿರ ಬಂದರೆ 11, ಎರಡು ಮೆಟ್ಟಿಲು ಬಂದರೆ 13. ಒಂದು ಮೆಟ್ಟಿಲು ಆಚೆ ಹೋದರೆ 8, ಎರಡು ಹೋದರೆ 6, ಮೂರಾದರೆ 5. ದಾಳದ ಸಾಲಿನಲ್ಲಿ 7 ಯಾಕಿಲ್ಲ, 10 ಯಾಕಿಲ್ಲ ಎಂದು ತಲೆ ಕೆಡಿಸಿಕೊಳ್ಳಬೇಡಿ. ಆಯಾ ದೂರಕ್ಕೆ ಬರುವ ನಿಜವಾದ ಶೇಕಡಾವಾರಿಗೆ ಹತ್ತಿರದ ಸಂಖ್ಯೆಗಳನ್ನೇ ಆರಿಸಿದ್ದು. 18 ಬಿದ್ದರೆ ಯಾವಾಗಲೂ ತಪ್ಪು.

ಬಂದೂಕಿಗೊಂದು, ಹಿಡಿದವನಿಗೊಂದು

ಆಟಗಾರರು ಅತಿ ಹೆಚ್ಚು ಜಗಳ ಆಡುವುದು ‘ಯಾವ ಬಂದೂಕು ಜಾಸ್ತಿ ನಿಖರ’ ಎಂಬುದರ ಮೇಲೆ. ನನ್ನ ಪ್ರಕಾರ ಇದು ಹೆಚ್ಚಿನ ಆಟಗಳಲ್ಲಿ ಬೇಡದ ಜಗಳ. ಬಂದೂಕಿಗೂ ಒಂದು ಚದುರುವಿಕೆ ಇದೆ, ಹಿಡಿದ ಕೈಗೂ ಒಂದು ಚದುರುವಿಕೆ ಇದೆ. ಎರಡನ್ನೂ ಸುಮ್ನೆ ಕೂಡಿಸುವಂತಿಲ್ಲ. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆಯಬೇಕು. ಕೈಯ ಅಲುಗಾಟ 10, ಬಂದೂಕಿನದು 2 ಎಂದುಕೊಳ್ಳಿ. ಒಟ್ಟು 12 ಅಲ್ಲ, 10.2. ಎರಡು ಲಕ್ಷ ಕೊಟ್ಟು ಬಂದೂಕಿನ ಚದುರುವಿಕೆಯನ್ನು ಸೊನ್ನೆಗೇ ಇಳಿಸಿದರೂ ಸಿಗುವ ಲಾಭ ಆ 0.2 ಮಾತ್ರ.

ಮೇಜಿನ ಮೇಲೆ ವರ್ಗಮೂಲ ಬೇಕಾಗಿಲ್ಲ. ಬಂದೂಕಿನ ಮೂಲ ದೂರ, ವ್ಯಕ್ತಿಯ ಮೂಲ ದೂರ ಎರಡನ್ನೂ ಬರೆದುಕೊಳ್ಳಿ. ಎರಡರಲ್ಲಿ ಚಿಕ್ಕದನ್ನು ಬಳಸಿ. ಎರಡೂ ಸಮ ಇದ್ದರೆ ಒಂದು ಮೆಟ್ಟಿಲು ಇಳಿಸಿ. ಸಮವಾದ ಎರಡು ಚದುರುವಿಕೆ ಸೇರಿದರೆ 1.41ರಷ್ಟಾಗುತ್ತದೆ, ನಮ್ಮ ಒಂದು ಮೆಟ್ಟಿಲೂ ಅಷ್ಟೇ.

ನಾನು ಬಳಸುವ ಸಂಖ್ಯೆಗಳು ಕೆಳಗಿವೆ. ಇವು ಆಟಕ್ಕಾಗಿ ಇಟ್ಟುಕೊಂಡವು, ಪ್ರಯೋಗಶಾಲೆಯಲ್ಲಿ ಅಳೆದವಲ್ಲ. ನಿಮ್ಮ ಮೇಜಿಗೆ ತಕ್ಕಂತೆ ಒಂದೊಂದು ಮೆಟ್ಟಿಲು ಆಚೀಚೆ ಮಾಡಿಕೊಳ್ಳಿ.

ಬಂದೂಕು: ಹಳೆಯ ನಯವಾದ ನಳಿಕೆಯ ಕೋವಿ 40 ಮೀಟರ್. ರಿವಾಲ್ವರ್, ಪಿಸ್ತೂಲು 110. ತ್ರೀ ನಾಟ್ ತ್ರೀ ಥರದ ರೈಫಲ್ 450.

ವ್ಯಕ್ತಿ, ಯಾವ ಅವಸರವೂ ಇಲ್ಲದಾಗ: ಪಿಸ್ತೂಲು ಎಂದೂ ಮುಟ್ಟದವನು 7. ತರಬೇತಿ ಪಡೆದವನು ನಿಂತು ಪಿಸ್ತೂಲು ಹಾರಿಸಿದರೆ 20. ತರಬೇತಿ ಇದ್ದು ನಿಂತು ರೈಫಲ್ ಅಥವಾ ಕೋವಿ ಹಾರಿಸಿದರೆ 56. ಮಲಗಿಕೊಂಡು ರೈಫಲ್ ಹಾರಿಸಿದರೆ 160.

ಪಿಸ್ತೂಲಿನ 110 ನೋಡಿ ಹುಬ್ಬೇರಿಸಬೇಡಿ. ಪಿಸ್ತೂಲನ್ನು ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದು ಹೊಡೆದರೆ ಅದು ಸಾಕಷ್ಟು ನಿಖರವೇ. ಅಲುಗಾಡುವುದು ಕೈ. ಗಿಡ್ಡ ನಳಿಕೆ, ಹತ್ತಿರ ಹತ್ತಿರ ಇರುವ ಸೈಟುಗಳು, ಭುಜದ ಆಸರೆ ಇಲ್ಲದಿರುವುದು, ಈ ಎಲ್ಲವೂ ಕೈಯ ತಪ್ಪನ್ನು ಹಿಗ್ಗಿಸುತ್ತವೆ.

ಭಯ, ಕತ್ತಲೆ, ಅವಸರ

ಇಡೀ ಮಾದರಿಯಲ್ಲಿ ಹೆಚ್ಚು ಗಮನ ಕೊಡಬೇಕಾದ್ದು ಇಲ್ಲಿ. ಶೂಟಿಂಗ್ ರೇಂಜಿನಲ್ಲಿ 10 ಮೀಟರ್‌ನಿಂದ ಎಲ್ಲ ಗುಂಡನ್ನೂ ಎದೆಯ ಚಿತ್ರಕ್ಕೆ ಹೊಡೆಯುವವರು ಬೀದಿಯಲ್ಲಿ 5 ಮೀಟರ್‌ನಿಂದ ತಪ್ಪುತ್ತಾರೆ. ಇದಕ್ಕೆ ಗಟ್ಟಿ ಅಂಕಿ ಇದೆ. ನ್ಯೂಯಾರ್ಕ್ ನಗರದ ಪೊಲೀಸರ ಬಗ್ಗೆ ರ್‍ಯಾಂಡ್ ಎಂಬ ಸಂಶೋಧನಾ ಸಂಸ್ಥೆ 2008ರಲ್ಲಿ ಒಂದು ವರದಿ ಕೊಟ್ಟಿತು. 1998ರಿಂದ 2006ರವರೆಗೆ ಎರಡೂ ಕಡೆಯಿಂದ ಗುಂಡು ಹಾರಿದ ಘಟನೆಗಳಲ್ಲಿ ಪೊಲೀಸರ ಗುಂಡು ತಗುಲಿದ್ದು ಶೇ. 18 ಮಾತ್ರ. ಎದುರಿನವನು ತಿರುಗಿ ಗುಂಡು ಹಾರಿಸದಿದ್ದಾಗ ಅದು ಶೇ. 30. ಇವರು ತರಬೇತಿ ಪಡೆದ ಪೊಲೀಸರು ಎನ್ನುವುದು ನೆನಪಿರಲಿ.

ನಮ್ಮ ನಿಯಮ ಇದನ್ನು ಹಿಡಿಯುತ್ತದೆಯೇ? ಕಷ್ಟಗಳನ್ನು ಮೆಟ್ಟಿಲಾಗಿ ಎಣಿಸೋಣ. ಇವನ್ನು ವ್ಯಕ್ತಿಯ ಮೂಲ ದೂರದಿಂದ ಇಳಿಸಬೇಕು, ಬಂದೂಕಿನದರಿಂದ ಅಲ್ಲ. ಭಯ ಆಗುವುದು ಮನುಷ್ಯನಿಗೆ.

- ಗುರಿ ನೋಡದೆ ಅವಸರದಲ್ಲಿ ಹೊಡೆದರೆ 2 ಮೆಟ್ಟಿಲು ಕೆಳಗೆ
- ಕತ್ತಲೆ, ಹೊಗೆ, ಜೋರು ಮಳೆ: 2 ಕೆಳಗೆ
- ಗುರಿ ಓಡುತ್ತಿದ್ದರೆ: 2 ಕೆಳಗೆ
- ತನ್ನ ಮೇಲೆ ಗುಂಡು ಬರುತ್ತಿದ್ದರೆ: 1 ಕೆಳಗೆ
- ಗೋಡೆ, ಮರದ ಆಸರೆ ಸಿಕ್ಕರೆ: 1 ಮೇಲೆ

ತರಬೇತಿ ಪಡೆದ ಪೊಲೀಸ್, ಪಿಸ್ತೂಲು: 20 ಮೀಟರ್. ಅವಸರ, ಕತ್ತಲೆ, ಓಡುವ ಗುರಿ, ಎದುರಿನಿಂದ ಗುಂಡು ಎಲ್ಲ ಸೇರಿ 7 ಮೆಟ್ಟಿಲು. 20ರಿಂದ ಏಳು ಮೆಟ್ಟಿಲು ಇಳಿದರೆ 1.8 ಮೀಟರ್! ಗುರಿ 5 ಮೀಟರ್‌ನಲ್ಲಿದ್ದರೆ ಅದು ಇನ್ನೂ ಮೂರು ಮೆಟ್ಟಿಲು ಆಚೆ, ಅಂದರೆ 5 ಅಥವಾ ಕಮ್ಮಿ ಬೀಳಬೇಕು. ಕೈಕಾಲಿಗೆ ತಗುಲುವುದನ್ನೂ ಸೇರಿಸಿದರೆ (ಆ ನಿಯಮ ಮುಂದೆ ಇದೆ) ಒಟ್ಟು ಸಾಧ್ಯತೆ ಸುಮಾರು ಶೇ. 19. ಎದುರಿನಿಂದ ಗುಂಡು ಬರುತ್ತಿಲ್ಲ ಎಂದು ಒಂದು ಮೆಟ್ಟಿಲು ವಾಪಸ್ ಕೊಟ್ಟರೆ ಶೇ. 28. ವರದಿಯ 18 ಮತ್ತು 30ಕ್ಕೆ ಇದು ಸಾಕಷ್ಟು ಹತ್ತಿರ. 5 ಮೀಟರ್, ಕತ್ತಲೆ ಎಂದೆಲ್ಲ ನಾವೇ ಇಟ್ಟುಕೊಂಡದ್ದು, ನಿಜ. ಆದರೆ ರೇಂಜಿಗೂ ಬೀದಿಗೂ ನಡುವೆ ಹತ್ತು ಪಟ್ಟಿಗಿಂತ ಜಾಸ್ತಿ ಅಂತರ ಇಟ್ಟರೆ ಮಾತ್ರ ಅಂಕಿ ಕೂಡುತ್ತದೆ. ಹೆಚ್ಚಿನ ಆಟಗಳು ಇಷ್ಟು ಧೈರ್ಯ ಮಾಡುವುದಿಲ್ಲ.

ಓಡುವ ಗುರಿಯ ಬಗ್ಗೆ ಒಂದು ಮಾತು. ತ್ರೀ ನಾಟ್ ತ್ರೀಯ ಮಾರ್ಕ್ 7 ಗುಂಡು ನಳಿಕೆ ಬಿಡುವಾಗ ಸೆಕೆಂಡಿಗೆ ಸುಮಾರು 744 ಮೀಟರ್ ವೇಗದಲ್ಲಿರುತ್ತದೆ. 100 ಮೀಟರ್ ತಲುಪಲು ಸೆಕೆಂಡಿನ ಏಳನೇ ಒಂದು ಭಾಗ ಬೇಕು. ಅಷ್ಟರಲ್ಲಿ ಸೆಕೆಂಡಿಗೆ 5 ಮೀಟರ್ ಓಡುವವನು 70 ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ. 20 ಸೆಂಟಿಮೀಟರ್ ವೃತ್ತಕ್ಕೆ ಇದು ದೊಡ್ಡ ತಪ್ಪೇ. ಹಾಗಾಗಿ 100 ಮೀಟರ್ ಆಚೆ ಅಡ್ಡ ಓಡುವವನಿಗೆ ಇನ್ನೊಂದು ಮೆಟ್ಟಿಲು ಇಳಿಸಿ. ನೇರ ನಿಮ್ಮ ಕಡೆಗೇ ಓಡಿ ಬರುತ್ತಿದ್ದರೆ ಓಟಕ್ಕೆ ಏನನ್ನೂ ಇಳಿಸಬೇಡಿ. ಭಯಕ್ಕೆ ಇಳಿಸಿ.

ಎಲ್ಲಿ ತಗುಲಿತು

ಗುರಿ ಯಾವಾಗಲೂ ಎದೆಯ ನಡುವೆ ಎಂದುಕೊಳ್ಳಿ. ಮೂರು ದಾಳ ಒಂದೇ ಸಲ ಉರುಳಿಸಿ, ನಿಮಗೆ ಬೇಕಿದ್ದ ಸಂಖ್ಯೆಯ ಜೊತೆ ಹೋಲಿಸಿ.

ಅದರೊಳಗೆ ಬಿದ್ದರೆ ಮುಂಡಕ್ಕೆ ತಗುಲಿತು. ಮುಗಿಯಿತು.

ಅದಕ್ಕಿಂತ ಜಾಸ್ತಿ, ಆದರೆ ದಾಳದ ಮೆಟ್ಟಿಲಿನಲ್ಲಿ ಎರಡು ಸ್ಥಾನ ಮೇಲಿನ ಸಂಖ್ಯೆಯೊಳಗೆ ಬಿದ್ದರೆ ಗುಂಡು ಹತ್ತಿರದ ಸುತ್ತಿನಲ್ಲಿ ಹೋಗಿದೆ, ಅಂದರೆ ಎದೆಯ ನಡುವಿನಿಂದ 20ರಿಂದ 40 ಸೆಂಟಿಮೀಟರ್ ಆಚೆ. ಮನುಷ್ಯನ ಆಕಾರ ಬಿಡಿಸಿ ಅಳೆದರೆ ಈ ಸುತ್ತಿನಲ್ಲಿ ಸರಿಸುಮಾರು ಅರ್ಧ ಮೈ, ಅರ್ಧ ಗಾಳಿ. ಈಗ ಎರಡು ದಾಳ ಉರುಳಿಸಿ:

- 2, 3: ತಲೆ ಅಥವಾ ಕತ್ತು
- 5: ಎಡ ತೋಳು
- 9: ಬಲ ತೋಳು
- 4, 10: ಕೆಳಹೊಟ್ಟೆ, ಸೊಂಟ
- ಉಳಿದದ್ದು: ಪಕ್ಕದಲ್ಲೇ ಹೋಯಿತು

ಇನ್ನೂ ಎರಡು ಸ್ಥಾನ ಮೇಲಿನ ಸಂಖ್ಯೆಯೊಳಗೆ ಬಿದ್ದರೆ ಅದು ದೂರದ ಸುತ್ತು, 40ರಿಂದ 80 ಸೆಂಟಿಮೀಟರ್. ಅಲ್ಲಿ ಇರುವುದು ಮುಖ್ಯವಾಗಿ ಕಾಲು. ಎರಡು ದಾಳದಲ್ಲಿ 5 ಬಂದರೆ ಮಾತ್ರ ಕಾಲಿಗೆ ತಗುಲಿತು. ಅದಕ್ಕೂ ಆಚೆಯದು ನೇರ ತಪ್ಪು. ಎರಡು ಸ್ಥಾನಕ್ಕೆ ತ್ರಿಜ್ಯ ಎರಡರಷ್ಟು, ಅದಕ್ಕೇ ಎರಡೆರಡು ಸ್ಥಾನ.

ಇದರ ಫಲ ನೋಡಿ. ಬೇಕಾದ ಸಂಖ್ಯೆ 13 ಇದ್ದಾಗ, ಅಂದರೆ ಹತ್ತಿರದಿಂದ ನೆಮ್ಮದಿಯಾಗಿ ಹೊಡೆದಾಗ, ತಗುಲಿದ ಗುಂಡುಗಳಲ್ಲಿ ಹತ್ತಕ್ಕೆ ಒಂಬತ್ತು ಮುಂಡಕ್ಕೇ ಹೋಗುತ್ತವೆ. ಸಂಖ್ಯೆ 5 ಇದ್ದಾಗ ತಗುಲಿದವುಗಳಲ್ಲಿ ಮುಂಡಕ್ಕೆ ಹೋಗುವುದು ಕಾಲು ಭಾಗ. ಉಳಿದದ್ದೆಲ್ಲ ತೋಳು, ಸೊಂಟ, ಕಾಲು, ತಲೆ. ಒಂದೇ ಲೊಕೇಶನ್ ಟೇಬಲ್ ಎಲ್ಲ ದೂರಕ್ಕೂ ಬಳಸಿದರೆ ಈ ವ್ಯತ್ಯಾಸ ಬರುವುದೇ ಇಲ್ಲ. ಬುಲೆಟ್‌ಪ್ರೂಫ್ ಜಾಕೆಟ್ ಹಾಕಿಕೊಂಡವನಿಗೆ ಕಾಪು ಹೆಚ್ಚು ಸಿಗುವುದು ಒಳ್ಳೆಯ ಗುರಿಕಾರನಿಂದ, ಹೆದರಿದ ಕಳ್ಳನಿಂದ ಅಲ್ಲ! ಇದನ್ನು ಮೇಜಿನ ಮೇಲೆ ಮೊದಲ ಸಲ ಕಂಡ ಆಟಗಾರರು ನಿಯಮ ತಪ್ಪು ಎಂದು ವಾದಿಸುತ್ತಾರೆ. ಲೆಕ್ಕ ಹಾಕಿ ತೋರಿಸಿ.

ತಲೆಗೇ ಗುರಿಯಿಡುತ್ತೇನೆ ಎಂದರೆ? ತಲೆಯ ವೃತ್ತ ಸುಮಾರು 10 ಸೆಂಟಿಮೀಟರ್ ತ್ರಿಜ್ಯ, ಮುಂಡದ ಅರ್ಧ. ಆದ್ದರಿಂದ ಎರಡು ಮೆಟ್ಟಿಲು ಕೆಳಗೆ. ತಪ್ಪಿದರೆ ಸುತ್ತ ಬರೀ ಗಾಳಿ ಇರುವುದರಿಂದ ಹತ್ತಿರದ ಸುತ್ತಿಗೆ ಎರಡು ದಾಳದಲ್ಲಿ 4 ಅಥವಾ 5 ಬಂದರೆ ಮಾತ್ರ ಕತ್ತು, ಭುಜ. ಉಳಿದದ್ದು ತಪ್ಪು. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದಲ್ಲ, ಅದನ್ನು ಆಟದಲ್ಲಿ ತರಬೇಕಾದರೂ ಇದೇ ಲೆಕ್ಕ. ಸಿಪ್ಪೆ ಸಮೇತ ಇರುವ ಕಾಯಿ ಹೆಚ್ಚುಕಮ್ಮಿ ತಲೆಯಷ್ಟೇ ಇರುತ್ತದೆ. ಸುಲಿದದ್ದಾದರೆ ಇನ್ನೊಂದು ಮೆಟ್ಟಿಲು ಇಳಿಸಿ.

ಮರೆಗೆ ಬೇರೆ ನಿಯಮ ಬೇಡ. ಗುಂಡು ಎಲ್ಲಿ ಬಿತ್ತು ಎಂದು ಮೊದಲು ನೋಡಿ. ಆ ಜಾಗ ಗೋಡೆಯ ಹಿಂದಿದ್ದರೆ ಗುಂಡು ಗೋಡೆಗೆ. ಗೋಡೆ ಮಣ್ಣಿನದೋ, ಕಲ್ಲಿನದೋ, ತಗಡಿನದೋ ಎಂಬುದನ್ನು ಗೇಮ್ ಮಾಸ್ಟರ್ (ಆಟ ಆಡಿಸುವವರು) ನಿರ್ಧರಿಸಲಿ.

ಕಿತ್ತೂರಿನ ಒಂದು ದೃಶ್ಯ

1824ರ ಅಕ್ಟೋಬರ್ 23. ಕಿತ್ತೂರು ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಸತ್ತ ದಿನ. ಅಮಟೂರು ಬಾಳಪ್ಪನ ಗುಂಡಿಗೆ ಅವನು ಬಿದ್ದ ಎಂದು ನಾಡು ನೆನೆಯುತ್ತದೆ. ಈ ಕಾಲದ ಆಟ ಆಡಿಸುವವರು ಕೋವಿಯನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕು. ಆ ಕಾಲದ ಬ್ರಿಟಿಷ್ ಸೈನ್ಯದ ಬ್ರೌನ್ ಬೆಸ್ ಕೋವಿಯ ನಳಿಕೆ 0.75 ಇಂಚು, ಒಳಗಿನ ಸೀಸದ ಗುಂಡು ಅದಕ್ಕಿಂತ ಚಿಕ್ಕದು, ಸುಮಾರು 0.69. ಮದ್ದಿನ ಮಸಿ ಕಟ್ಟಿದರೂ ಬೇಗ ತುಂಬಲಿ ಎಂದು ಹಾಗೆ. ಆದರೆ ಗುಂಡು ನಳಿಕೆಯೊಳಗೆ ಅತ್ತಿತ್ತ ಬಡಿದುಕೊಂಡು ಹೊರಬರುತ್ತದೆ, ಕೊನೆಯ ಬಡಿತ ಎತ್ತ ತಳ್ಳಿತೋ ಅತ್ತ ಹೋಗುತ್ತದೆ. ಸೈನಿಕನ ಕೋವಿ 80 ಗಜದಲ್ಲಿ ಆಳಿಗೆ ತಗುಲುತ್ತದೆ, 100ರಲ್ಲೂ ತಗುಲಬಹುದು, ಆದರೆ 150 ಗಜದಲ್ಲಿ ತನಗೇ ಗುರಿಯಿಟ್ಟ ಗುಂಡು ತಿನ್ನುವವನು ಭಾರಿ ನತದೃಷ್ಟನೇ ಇರಬೇಕು ಎಂಬರ್ಥದ ಮಾತನ್ನು ಕರ್ನಲ್ ಜಾರ್ಜ್ ಹ್ಯಾಂಗರ್ 1814ರಲ್ಲಿ ಬರೆದ. ನಮ್ಮ 40 ಮೀಟರ್ ಇದಕ್ಕೆ ಹೊಂದುತ್ತದೆ. 160 ಮೀಟರ್‌ನಲ್ಲಿ ನಿಯಮದ ಪ್ರಕಾರ ಒಟ್ಟು ಸಾಧ್ಯತೆ ನೂರಕ್ಕೆ ಎಂಟೊಂಬತ್ತು.

ಈಗ ಆಡಿ ನೋಡೋಣ. ಆಟಗಾರ್ತಿಯ ಪಾತ್ರ ತರಬೇತಿ ಇರುವ ಸಿಪಾಯಿ: 56 ಮೀಟರ್. ಕೋಟೆಯ ಗೋಡೆಗೆ ಕೋವಿ ಊರಿದ್ದಾನೆ, ಒಂದು ಮೆಟ್ಟಿಲು ಮೇಲೆ, 80. ಆದರೆ ಕೋವಿಯದು 40. ಚಿಕ್ಕದೇ ಲೆಕ್ಕ, ಅಂದರೆ 40. ಗೋಡೆಯ ಆಸರೆಯಿಂದ ಬಂದ ಲಾಭ ಏನೂ ಇಲ್ಲ! ಇನ್ನೊಂದು ಕಾಲದ ಆಟದಲ್ಲಿ ಇವನ ಕೈಗೇ ತ್ರೀ ನಾಟ್ ತ್ರೀ ಕೊಟ್ಟಿದ್ದರೆ 80 ಪೂರ್ತಿ ಸಿಗುತ್ತಿತ್ತು. ಕೋವಿಯ ಕಾಲದಲ್ಲಿ ಸೈನ್ಯಗಳು ಸಾಲಾಗಿ ನಿಂತು ಒಟ್ಟಿಗೆ ಹಾರಿಸುತ್ತಿದ್ದುದರ ಹಿಂದೆ ಈ ಲೆಕ್ಕವೂ ಇದೆ.

ಕುದುರೆ ಮೇಲಿನ ಅಧಿಕಾರಿ 56 ಮೀಟರ್‌ನಲ್ಲಿದ್ದಾನೆ, ನಿಂತಿದ್ದಾನೆ. ಒಂದು ಮೆಟ್ಟಿಲು ಆಚೆ, 8 ಬೇಕು. ದಾಳ: 10. ಎಂಟರಿಂದ ಎರಡು ಸ್ಥಾನ ಮೇಲೆ 11, ಅದರೊಳಗಿದೆ. ಹತ್ತಿರದ ಸುತ್ತು. ಎರಡು ದಾಳ: 9. ಬಲ ತೋಳು. ಕತ್ತಿ ಕೆಳಗೆ ಬಿತ್ತು. ‘ಪಕ್ಕದಲ್ಲೇ ಹೋಯಿತು’ ಎಂದು ಬಂದಿದ್ದರೆ ನಾನು ಇನ್ನೊಂದು ದಾಳ ಉರುಳಿಸಿ, 1 ಅಥವಾ 2 ಬಂದರೆ ಕುದುರೆಗೆ ಹೊಡೆಸುತ್ತಿದ್ದೆ.

ಚಕಮಕಿ ಕಲ್ಲಿನ ಕೋವಿಗೆ ಇನ್ನೊಂದು ನಿಯಮ ಸೇರಿಸಿ. ಮೂರು ದಾಳದಲ್ಲಿ 15 ಅಥವಾ ಜಾಸ್ತಿ ಬಿದ್ದರೆ ಮದ್ದು ಹತ್ತಿಕೊಳ್ಳಲಿಲ್ಲ. ಮಳೆಯಲ್ಲಿ 13ಕ್ಕೇ ಹಾಗೆ. ಮತ್ತೆ ತುಂಬಲು ನುರಿತವರಿಗೂ 20ರಿಂದ 30 ಸೆಕೆಂಡ್ ಬೇಕು, ಅಷ್ಟರಲ್ಲಿ ಎದುರಿನ ಕುದುರೆ ಸವಾರ ಮೇಲೆ ಬಿದ್ದಿರುತ್ತಾನೆ.

ತಗುಲಿದ ಮೇಲೆ

ಹಿಟ್ ಪಾಯಿಂಟ್ (ಪಾತ್ರದ ಜೀವದ ಅಂಕ) ಎಷ್ಟು ಕಳೆಯಬೇಕು ಎಂಬುದು ನಿಮ್ಮ ಆಟದ ವಿಷಯ, ಅದರಲ್ಲಿ ಕೈ ಹಾಕುವುದಿಲ್ಲ. ಎರಡು ವಿಷಯ ಮಾತ್ರ. ‘ಕಾಲಿಗೆ ತಾನೇ’ ಎಂದು ಬಿಡಬೇಡಿ. ತೊಡೆಯಲ್ಲೂ ತೋಳಿನ ಒಳಭಾಗದಲ್ಲೂ ದೊಡ್ಡ ರಕ್ತನಾಳಗಳಿವೆ, ಕಟ್ಟದಿದ್ದರೆ ನಿಮಿಷಗಳಲ್ಲಿ ಜೀವ ಹೋಗಬಹುದು. ಒಂದು ದಾಳದಲ್ಲಿ 1 ಬಂದರೆ ಜೋರು ರಕ್ತಸ್ರಾವ ಎಂದು ಇಡಿ.

ಎರಡನೆಯದು, ಗುಂಡು ಬಿದ್ದವನು ಸಿನಿಮಾದಂತೆ ಹಿಂದಕ್ಕೆ ಹಾರುವುದಿಲ್ಲ. ತ್ರೀ ನಾಟ್ ತ್ರೀ ಗುಂಡಿನ ತೂಕ 11.3 ಗ್ರಾಂ. 744 ಮೀಟರ್ ವೇಗದಲ್ಲಿ ಅದು 60 ಕಿಲೋ ಮನುಷ್ಯನೊಳಗೆ ಪೂರ್ತಿ ನಿಂತರೂ ಅವನಿಗೆ ಸಿಗುವ ವೇಗ ಸೆಕೆಂಡಿಗೆ 14 ಸೆಂಟಿಮೀಟರ್. ಮೆಲ್ಲಗೆ ಭುಜ ತಳ್ಳಿದಷ್ಟು. ಬಿದ್ದರೆ ಅದು ಗಾಯದಿಂದ, ಆಘಾತದಿಂದ. ಆದ್ದರಿಂದ ‘ಹಿಂದಕ್ಕೆ ಎರಡು ಚೌಕ ತಳ್ಳು’ ಎಂಬ ನಿಯಮ ಇದ್ದರೆ ತೆಗೆದುಹಾಕಿ.

ತೋಟದ ಕೋವಿಯಲ್ಲಿ ಚರೆ ತುಂಬಿದ್ದರೆ ವ್ಯಕ್ತಿಗೂ ಬಂದೂಕಿಗೂ ಚಿಕ್ಕದನ್ನು ಆರಿಸಿದ ಮೇಲೆ ಒಂದು ಮೆಟ್ಟಿಲು ಮೇಲೆ ಕೊಡಿ. 30 ಮೀಟರ್ ದಾಟಿದರೆ ಪೆಟ್ಟು ಅರ್ಧ ಮಾಡಿ. ಒಂದೇ ಸಲ ಹಲವು ಗುಂಡು ಹಾರಿಸುವ ಬಂದೂಕಾದರೆ ಮೊದಲ ಗುಂಡಿಗೆ ಸಾಮಾನ್ಯ ಲೆಕ್ಕ, ಮುಂದಿನವಕ್ಕೆಲ್ಲ ಎರಡು ಮೆಟ್ಟಿಲು ಕೆಳಗೆ, ಪ್ರತಿಯೊಂದಕ್ಕೂ ಬೇರೆ ಎಸೆತ. ಐದು ಗುಂಡಿಗಿಂತ ಜಾಸ್ತಿ ಎಸೆಯಬೇಡಿ, ಮೇಜಿನ ಸುತ್ತ ಕೂತವರು ಮೊಬೈಲ್ ತೆಗೆಯುತ್ತಾರೆ.

ಸಂಖ್ಯೆಗಳನ್ನು ಬದಲಿಸುವ ಮನಸ್ಸಿದ್ದರೆ ಸ್ಪ್ರೆಡ್‌ಶೀಟಿನಲ್ಲಿ ಪರೀಕ್ಷಿಸಿ. ಒಂದು ಕಾಲಂನಲ್ಲಿ ಅಡ್ಡ ತಪ್ಪು, ಇನ್ನೊಂದರಲ್ಲಿ ಉದ್ದ ತಪ್ಪು ಇರಲಿ. ಎರಡೂ ಸರಾಸರಿ ಸೊನ್ನೆ ಇರುವ ನಾರ್ಮಲ್ ಡಿಸ್ಟ್ರಿಬ್ಯೂಷನ್‌ನ ರ್‍ಯಾಂಡಮ್ ಸಂಖ್ಯೆಗಳು. ಸಾವಿರ ಸಾಲು ಎಳೆದು, ಗ್ರಾಫಿನ ಚುಕ್ಕಿಗಳ ಕೆಳಗೆ ಅದೇ ಅಳತೆಯ ಮನುಷ್ಯನ ಚಿತ್ರವನ್ನು ಇಡಿ. ಕುಳಿತವನು, ಬಗ್ಗಿದವನು, ಪಕ್ಕಕ್ಕೆ ತಿರುಗಿದವನು, ಆನೆ, ಕಾಡುಹಂದಿ ಯಾವುದಕ್ಕೆ ಬೇಕಾದರೂ ಚುಕ್ಕಿ ಎಣಿಸಿ ಹೊಸ ಲೊಕೇಶನ್ ಟೇಬಲ್ ಮಾಡಿಕೊಳ್ಳಬಹುದು. ಮೆಟ್ಟಿಲು ಮಾತ್ರ ಅದೇ ಇರಲಿ. ಆನೆಯ ವೃತ್ತ ಮನುಷ್ಯನ ನಾಲ್ಕರಷ್ಟು ತ್ರಿಜ್ಯದ್ದು ಎಂದುಕೊಂಡರೆ ನಾಲ್ಕು ಮೆಟ್ಟಿಲು ಮೇಲೆ. ಅದಕ್ಕೆ ತಗುಲಿಸುವುದು ಸುಲಭ, ಅದನ್ನು ನಿಲ್ಲಿಸುವುದು ಬೇರೆ ನಿಯಮ.